ಹೆದ್ದಾರಿ ಪಕ್ಕದ ಗಾಳಿ ಶುದ್ಧವೇ? ಧೂಳನ್ನು ಬೆಳಕಿನಲ್ಲಿ ಹಿಡಿದ ಜಾನ್ ಟಿಂಡಾಲ್ ಕಥೆ

ಬೆಳಗ್ಗೆ ಹೆಂಚಿನ ಸಂದಿಯಿಂದ ಬಿಸಿಲುಕೋಲು ಮನೆಯೊಳಗೆ ಬಿದ್ದಾಗ ಅದರಲ್ಲಿ ಸಾವಿರಾರು ಕಣಗಳು ತೇಲಾಡುವುದನ್ನು ನಾವೆಲ್ಲ ನೋಡಿದ್ದೇವೆ. ಕೋಲಿನ ಆಚೀಚೆ ಏನೂ ಕಾಣುವುದಿಲ್ಲ. ಹಾಗಂತ ಅಲ್ಲಿ ಧೂಳಿಲ್ಲ ಎಂದಲ್ಲ. ಅಲ್ಲಿ ಬೆಳಕು ಬಿದ್ದಿಲ್ಲ, ಅಷ್ಟೇ.

ಈ ಸಣ್ಣ ಸಂಗತಿಯನ್ನು ಗಾಳಿ ಪರೀಕ್ಷಿಸುವ ವಿಧಾನವಾಗಿ ಬೆಳೆಸಿದವರು ಜಾನ್ ಟಿಂಡಾಲ್. ಹೈಸ್ಕೂಲಿನಲ್ಲಿ ಓದಿದ ‘ಟಿಂಡಾಲ್ ಪರಿಣಾಮ’ ಹಲವರಿಗೆ ನೆನಪಿರಬಹುದು.

ಅವರ ಕಥೆ ಈಗ ಏಕೆ? ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆಯವರೆಗೆ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಬಂದಿದೆ. ನೆಲಮಂಗಲದಲ್ಲಿ ತುಮಕೂರು, ಹಾಸನದ ಹೆದ್ದಾರಿಗಳು ಕವಲೊಡೆಯುತ್ತವೆ. ಹೊಸಕೋಟೆಯಿಂದ ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುತ್ತದೆ. ದೇವನಹಳ್ಳಿಯಲ್ಲಿ 2008ರಿಂದ ವಿಮಾನ ನಿಲ್ದಾಣವಿದೆ. ಇಷ್ಟಾದರೂ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಮಾತು ಓಡಾಡುತ್ತಲೇ ಇರುತ್ತವೆ. ಒಂದು, ಹಳ್ಳಿಯ ಗಾಳಿ ಎಂದರೆ ಶುದ್ಧ ಗಾಳಿ. ಇನ್ನೊಂದು, ಫೋನಿನಲ್ಲಿ ಎಕ್ಯೂಐ ಹಸಿರು ತೋರಿಸುತ್ತಿದೆ, ಹಾಗಾಗಿ ಚಿಂತೆಯಿಲ್ಲ. ರಸ್ತೆಗೆ ಅಂಟಿಕೊಂಡ ಮನೆಯವರ ಮಟ್ಟಿಗೆ ಎರಡೂ ತಪ್ಪಿರಬಹುದು. ಹೇಗೆ ಎಂದು ತಿಳಿಯಲು ಟಿಂಡಾಲ್ ಬದುಕನ್ನು ನೋಡೋಣ.

ರೈಲು ದಾರಿ ಅಳೆದ ಯುವಕ

ಟಿಂಡಾಲ್ ಹುಟ್ಟಿದ್ದು 1820ರ ಆಗಸ್ಟ್ 2ರಂದು, ಐರ್ಲೆಂಡಿನ ಕಾರ್ಲೊ ಕೌಂಟಿಯ ಪುಟ್ಟ ಊರಿನಲ್ಲಿ. ತಂದೆ ಪೊಲೀಸ್ ಪೇದೆ. ಮನೆಯಲ್ಲಿ ಹಣಕ್ಕಿಂತ ಓದಿಗೆ ಬೆಲೆ ಹೆಚ್ಚಿತ್ತು. 1839ರಲ್ಲಿ ಅವರು ಸರ್ಕಾರದ ಭೂಮಾಪನ ಇಲಾಖೆ ಸೇರಿದರು. ಕಡಿಮೆ ಸಂಬಳ ಮತ್ತು ಕೆಲಸಗಾರರನ್ನು ನಡೆಸಿಕೊಳ್ಳುವ ರೀತಿಯನ್ನು ಪ್ರಶ್ನಿಸಿದ್ದಕ್ಕೆ 1843ರಲ್ಲಿ ಕೆಲಸ ಹೋಯಿತು.

ಆಗ ಇಂಗ್ಲೆಂಡಿನಲ್ಲಿ ರೈಲು ಮಾರ್ಗಗಳ ಹುಚ್ಚು ಹತ್ತಿತ್ತು. ಕಂಪನಿಗಳು ಸಾಲುಗಟ್ಟಿ ಹೊಸ ಮಾರ್ಗ ಘೋಷಿಸುತ್ತಿದ್ದವು. 1845ರ ನವೆಂಬರ್ 30ರೊಳಗೆ ನಕ್ಷೆ ಸಲ್ಲಿಸಲು ಸರ್ವೇಯರ್‌ಗಳು ಹಗಲು ರಾತ್ರಿ ದುಡಿದರು. ಟಿಂಡಾಲ್ ಕೂಡ ಅವರಲ್ಲೊಬ್ಬರು. ಆ ನಕ್ಷೆಗಳಲ್ಲಿ ಯಾರ ಜಮೀನು ಹೋಗುತ್ತದೆ, ಎಲ್ಲಿ ಏರು, ಎಲ್ಲಿ ಸೇತುವೆ ಎಂಬ ವಿವರಗಳಿರುತ್ತಿದ್ದವು. ಮಾರ್ಗದ ಹೊಗೆ ಪಕ್ಕದ ಮನೆಯ ಗಾಳಿಗೆ ಎಷ್ಟು ಸೇರುತ್ತದೆ ಎಂದು ಅಳೆಯಲು ಆಗ ಉಪಕರಣವೇ ಇರಲಿಲ್ಲ. ಅದಕ್ಕೆ ದಾರಿ ತೋರಿಸುವವರು ತಾವೇ ಎಂದು ಅವರಿಗೂ ಆಗ ಗೊತ್ತಿರಲಿಲ್ಲ.

1847ರಲ್ಲಿ ರೈಲಿನ ಕೆಲಸ ಬಿಟ್ಟು ಶಾಲಾ ಮೇಷ್ಟ್ರಾದರು. ಮರುವರ್ಷ, 28ನೇ ವಯಸ್ಸಿನಲ್ಲಿ, ಕೂಡಿಟ್ಟ ದುಡ್ಡು ಹಿಡಿದು ಜರ್ಮನಿಯ ಮಾರ್ಬರ್ಗ್‌ಗೆ ಹೋದರು. ಪ್ರಯೋಗಾಲಯದ ಬನ್ಸೆನ್ ಬರ್ನರ್‌ಗೆ ಹೆಸರು ಕೊಟ್ಟ ಬನ್ಸೆನ್ ಅಲ್ಲಿ ಅವರ ಗುರು. ಸುಮಾರು ಎರಡು ವರ್ಷದಲ್ಲಿ ಡಾಕ್ಟರೇಟ್ ಮುಗಿಸಿದರು. 1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕರಾದರು. ಮೈಕೆಲ್ ಫ್ಯಾರಡೆ ಅಲ್ಲಿ ಅವರ ಹಿರಿಯ ಸಹೋದ್ಯೋಗಿ.

ಕಪ್ಪಗೆ ಕಂಡದ್ದು ಹೊಗೆಯಲ್ಲ

1859ರಿಂದ ಅವರು ಯಾವ ಅನಿಲ ಎಷ್ಟು ಶಾಖ ಹೀರುತ್ತದೆ ಎಂದು ಅಳೆಯತೊಡಗಿದರು. ಭೂಮಿ ಬಿಸಿಯಾಗುವ ವಿಜ್ಞಾನಕ್ಕೆ ಇದು ಅಡಿಪಾಯಗಳಲ್ಲಿ ಒಂದು. (ಇಂಗಾಲದ ಡೈಆಕ್ಸೈಡ್ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ ಎಂದು ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ 1856ರಲ್ಲೇ ತೋರಿಸಿದ್ದರು. ಟಿಂಡಾಲರೇ ಮೊದಲಿಗರು ಎನ್ನುವ ಫಾರ್ವರ್ಡ್ ಬಂದರೆ ಇದನ್ನು ನೆನಪಿಸಿಕೊಳ್ಳಿ.)

1868ರಲ್ಲಿ ಇನ್ನೊಂದು ಪ್ರಯೋಗಕ್ಕೆ ಅವರಿಗೆ ಧೂಳಿಲ್ಲದ ಗಾಳಿ ಬೇಕಾಯಿತು. ಗಾಜಿನ ಕೊಳವೆಯೊಳಗೆ ಪ್ರಖರ ಬೆಳಕು ಹಾಯಿಸಿದರೆ ಕಣಗಳು ಹೊಳೆಯುತ್ತಿದ್ದವು. ಗಾಳಿಯನ್ನು ಜ್ವಾಲೆಯ ಮೇಲೆ ಹಾಯಿಸಿ ಒಳಗೆ ಬಿಟ್ಟಾಗ ಹೊಳಪು ಮಾಯವಾಯಿತು. ಬೆಳಕಿನ ಕೋಲಿನ ಕೆಳಗೆ ದೀಪ ಹಿಡಿದರೆ ಕಪ್ಪು ಹೊಗೆಯಂಥದ್ದು ಮೇಲೇಳುವಂತೆ ಕಂಡಿತು. ಆದರೆ ಅದು ಹೊಗೆಯಾಗಿರಲಿಲ್ಲ. ಕಣಗಳು ಇಲ್ಲದ ಜಾಗದಲ್ಲಿ ಬೆಳಕು ಚದುರದೆ ಕತ್ತಲೆ ಕಂಡಿತ್ತು. ಕೋಣೆಯ ಧೂಳಿನಲ್ಲಿ ಬಹುಪಾಲು ಬರೀ ಮಣ್ಣಲ್ಲ, ಸುಟ್ಟುಹೋಗುವ ಜೈವಿಕ ವಸ್ತು ಎಂಬುದೂ ಇದರಿಂದ ತಿಳಿಯಿತು.

ಮುಂದಿನ ಪರೀಕ್ಷೆ ತಮ್ಮ ಉಸಿರಿನ ಮೇಲೆಯೇ. ಉಸಿರಿನ ತೇವ ಹನಿಗಟ್ಟಬಾರದೆಂದು ಗಾಜಿನ ಕೊಳವೆಯನ್ನು ಮೊದಲು ಬಿಸಿ ಮಾಡಿಕೊಂಡು, ಅದರ ಮೂಲಕ ಬೆಳಕಿನ ಕೋಲಿಗೆ ಉಸಿರು ಬಿಟ್ಟರು. ಮೊದಲ ಭಾಗದಲ್ಲಿ ಕಣಗಳಿದ್ದವು. ಎದೆಯ ಆಳದಿಂದ ಬಂದ ಕೊನೆಯ ಭಾಗ ಬೆಳಕಿನಲ್ಲಿ ಕಪ್ಪಗೆ ಕಂಡಿತು. ಅಂದರೆ ಒಳಗೆ ಹೋದ ಧೂಳು ಹೊರಗೆ ಬಂದಿರಲಿಲ್ಲ, ಶ್ವಾಸಕೋಶದಲ್ಲೇ ಉಳಿದಿತ್ತು. ಹತ್ತಿಯ ಮೂಲಕ ಉಸಿರು ಎಳೆದುಕೊಂಡಾಗ ಹೊರಬಿಟ್ಟ ಉಸಿರು ಮೊದಲಿನಿಂದಲೇ ಕಪ್ಪಗಿತ್ತು. 1870ರಲ್ಲಿ ಧೂಳು ಮತ್ತು ಕಾಯಿಲೆಯ ಬಗ್ಗೆ ಕೊಟ್ಟ ಉಪನ್ಯಾಸದಲ್ಲಿ ಇದನ್ನು ಜನರ ಮುಂದಿಟ್ಟರು. ಬಳಿಕ ಹತ್ತಿ ಮತ್ತು ಇದ್ದಿಲು ಬಳಸಿ ಅಗ್ನಿಶಾಮಕ ಸಿಬ್ಬಂದಿಗೆ ಮುಖಗವಸನ್ನೂ ರೂಪಿಸಿದರು.

ಟಿಂಡಾಲ್ ಹೇಳಿದ್ದೆಲ್ಲ ಸರಿಯಿರಲಿಲ್ಲ. ಆಕಾಶದ ನೀಲಿಗೆ ಸೂಕ್ಷ್ಮ ಕಣಗಳು ಕಾರಣ ಎಂದು ಅವರು ನಂಬಿದ್ದರು. ಗಾಳಿಯ ಅಣುಗಳೇ ಸಾಕು ಎಂದು ನಂತರ ರ‍್ಯಾಲೆ ತೋರಿಸಿದರು. ಆದರೆ ಬೆಳಕಿನಿಂದ ಧೂಳು ಹಿಡಿಯುವ ಉಪಾಯ ಉಳಿಯಿತು.

ಕೊನೆಗಾಲದಲ್ಲಿ ಅವರಿಗೆ ನಿದ್ರೆ ಬರುತ್ತಿರಲಿಲ್ಲ. 1893ರ ಡಿಸೆಂಬರ್ 4ರಂದು ಪತ್ನಿ ಲೂಯಿಸಾ ಹೊಟ್ಟೆಯ ಔಷಧವೆಂದು ಭಾವಿಸಿ ನಿದ್ರೆಯ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟುಬಿಟ್ಟರು. ಅಂದೇ ಟಿಂಡಾಲ್ ತೀರಿಕೊಂಡರು. ಲೂಯಿಸಾ 1940ರವರೆಗೆ ಬದುಕಿದ್ದು, ಗಂಡನ ಜೀವನಚರಿತ್ರೆಗಾಗಿ ಕಾಗದಪತ್ರಗಳನ್ನು ಜೋಡಿಸುತ್ತಲೇ ಇದ್ದರು.

ನಮ್ಮೂರಿಗೆ ಇದರಿಂದೇನು?

ಇಂದು ಅಂಗಡಿಯಲ್ಲಿ ಸಿಗುವ ಅಗ್ಗದ ಗಾಳಿ ಮಾಪಕದೊಳಗೆ ಸಣ್ಣ ಫ್ಯಾನ್ ಗಾಳಿ ಎಳೆಯುತ್ತದೆ, ಅದರ ಮೇಲೆ ಲೇಸರ್ ಬೀಳುತ್ತದೆ, ಕಣಕ್ಕೆ ತಾಗಿ ಚದುರಿದ ಬೆಳಕನ್ನು ಸೆನ್ಸರ್ ಗುರುತಿಸುತ್ತದೆ. ಅದು ಟಿಂಡಾಲರ ಬಿಸಿಲುಕೋಲೇ. ಗಾಳಿಯನ್ನು ಫಿಲ್ಟರ್ ಹಾಳೆಯ ಮೂಲಕ ಎಳೆದು, ಅದರ ಮೇಲೆ ಕೂತ ಧೂಳನ್ನು ತೂಗುವುದು ಇನ್ನೊಂದು ವಿಧಾನ. ಅದು ಟಿಂಡಾಲರ ಹತ್ತಿಯನ್ನು ನೆನಪಿಸುತ್ತದೆ.

ದೇವನಹಳ್ಳಿಯ ಚಳಿಗಾಲದ ಮಂಜು ವಿಮಾನಗಳನ್ನೇ ತಡೆದು ನಿಲ್ಲಿಸುತ್ತದೆ. ಅಂಥ ಬೆಳಗ್ಗೆ ಅಗ್ಗದ ಮಾಪಕ ಮಂಜಿನ ಹನಿಯನ್ನೂ ಧೂಳೆಂದು ಎಣಿಸಿಬಿಡಬಹುದು. ಟಿಂಡಾಲ್ ಕೊಳವೆ ಬಿಸಿ ಮಾಡಿದ್ದು ಇದೇ ತಪ್ಪು ಆಗದಿರಲೆಂದು. ಹಾಗಾಗಿ ಒಂದೇ ಬೆಳಗಿನ ಅಂಕಿ ನೋಡಿ ಗಾಬರಿಯೂ ಬೇಡ, ಸಮಾಧಾನವೂ ಬೇಡ.

ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ ಕೆಂಧೂಳು ಕಣ್ಣಿಗೆ ಕಾಣುತ್ತದೆ. ಹೆಚ್ಚು ಅಪಾಯಕಾರಿಯಾದ ಪಿಎಂ 2.5 ಕಾಣುವುದಿಲ್ಲ. ಅದು ತಲೆಗೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲು, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ನಮ್ಮ ದೇಶದ ಮಾನದಂಡದಂತೆ ಇದರ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5 ಮಾತ್ರ. ಹೊಗೆಕೊಳವೆಯಷ್ಟೇ ಅಲ್ಲ, ಸವೆಯುವ ಟೈರು, ಬ್ರೇಕು ಮತ್ತು ಚಕ್ರಕ್ಕೆ ಏಳುವ ರಸ್ತೆ ಧೂಳು ಕೂಡ ಕಣಗಳ ಮೂಲ. ಆದ್ದರಿಂದ ವಾಹನಗಳೆಲ್ಲ ಎಲೆಕ್ಟ್ರಿಕ್ ಆದರೂ ಸಮಸ್ಯೆ ಪೂರ್ತಿ ಮುಗಿಯುವುದಿಲ್ಲ.

ವಾಹನಗಳ ಮಾಲಿನ್ಯ ರಸ್ತೆಯ ಅಂಚಿನಲ್ಲಿ ಹೆಚ್ಚು, ಕೆಲವು ನೂರು ಮೀಟರ್ ದೂರ ಹೋದರೆ ಬಹಳ ಕಡಿಮೆ. ಎಷ್ಟೋ ಕಿಲೋಮೀಟರ್ ಆಚೆಯ ಮಾಪಕದ ಹಸಿರು ಬಣ್ಣ ನಿಮ್ಮ ಅಂಗನವಾಡಿಯ ಗಾಳಿಯ ಬಗ್ಗೆ ಹೇಳುವುದು ಕಡಿಮೆ. ಸರಿಯಾದ ಅಂದಾಜು ಹೀಗಿರಬೇಕು: ರಸ್ತೆಗೆ ಮೊದಲು ಗಾಳಿ ಹೇಗಿತ್ತು, ಎಷ್ಟು ಲಾರಿ ಬರುತ್ತವೆ, ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಶಾಲೆ ಮತ್ತು ಆಸ್ಪತ್ರೆ ಎಷ್ಟು ದೂರ. ಈಗಿರುವ ಧೂಳಿಗೆ ಯೋಜನೆಯ ಧೂಳು ಕೂಡಿಸಿದ ಮೊತ್ತವನ್ನೇ ಮಾನದಂಡದ ಜೊತೆ ಹೋಲಿಸಬೇಕು.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾದ ಹೆದ್ದಾರಿ ಯೋಜನೆಗಳಲ್ಲಿ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಅಲ್ಲಿ ಕೇಳಬೇಕಾದ ಪ್ರಶ್ನೆ ಸರಳ: ಮಾಪಕ ಎಲ್ಲಿಟ್ಟಿದ್ದಿರಿ, ಎಷ್ಟು ದಿನ, ಯಾವ ತಿಂಗಳಲ್ಲಿ?

ಎಕ್ಯೂಐ ಸ್ಕ್ರೀನ್‌ಶಾಟ್ ಬಂದಾಗಲೂ ಇದನ್ನೇ ಕೇಳಿ. ಉತ್ತರ ಸಿಕ್ಕ ಮೇಲೆ ಫಾರ್ವರ್ಡ್ ಮಾಡಿ.