ಅಂಪೈರ್ ಔಟ್ ಕೊಟ್ಟರು, ಕಮಿಟಿ ಕ್ಯಾಪ್ಟನ್ಸಿ ಕೊಡಲಿಲ್ಲ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಎಲ್ಲೇ ಹೋಗಿ, ಭಾನುವಾರ ಬಂತಂದ್ರೆ ಟೆನಿಸ್ ಬಾಲ್ ಕ್ರಿಕೆಟ್. ಅಂಪೈರ್ ಜೊತೆ ಜಗಳ ಆಗದ ಮ್ಯಾಚೇ ಇಲ್ಲ. ಬ್ಯಾಟಿಂಗ್ ಟೀಮಿನವನೇ ಅಂಪೈರ್ ಆಗಿ ನಿಂತರೆ ಔಟ್ ಎಲ್ಲಿ ಕೊಡ್ತಾನೆ? ಹತ್ತು ನಿಮಿಷ ಕೂಗಾಡಿ ಮತ್ತೆ ಆಡ್ತೀವಿ. ಆದರೆ ಮೈದಾನದ ಹೊರಗೆ ಕೂತು ತೀರ್ಪು ಕೊಡುವವರೇ ಮೋಸ ಮಾಡಿದರೆ ಯಾರ ಹತ್ತಿರ ಅಪೀಲ್ ಮಾಡೋದು? ಅಂಥ ಅನ್ಯಾಯ ಅನುಭವಿಸಿದ ಒಬ್ಬ ದೊಡ್ಡ ಬೌಲರ್ ಕಥೆ ಇದು.

ಅವರ ಹೆಸರು ಪಲ್ವಂಕರ್ ಬಾಲೂ. ಮನೆತನದ ಮೂಲ ಕೊಂಕಣ, ಹುಟ್ಟಿದ್ದು 1875-76ರ ಸುಮಾರಿಗೆ ಧಾರವಾಡದಲ್ಲಿ. 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ನಮ್ಮ ಈ ನಾಲ್ಕೂ ತಾಲೂಕು ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಬಾಲೂ ನಮ್ಮವರು ಅಂತ ಹೇಳಿಕೊಳ್ಳೋಕೆ ನಮಗೂ ಸ್ವಲ್ಪ ಹಕ್ಕಿದೆ.

ಚಮ್ಮಾರ ಕುಟುಂಬದ ಹುಡುಗ. ಪುಣೆಯಲ್ಲಿ ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿಗೆ ಪಿಚ್ ಗುಡಿಸುವ ಕೆಲಸ ಸಿಕ್ಕಿತು. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ರೋಲರ್ ಎಳೆಯೋದು, ನೆಟ್ ಕಟ್ಟೋದು, ಜೊತೆಗೆ ಸಾಹೇಬರಿಗೆ ಬೌಲಿಂಗ್ ಮಾಡೋದು. ಗ್ರೇಗ್ ಅನ್ನೋ ಒಳ್ಳೆಯ ಬ್ಯಾಟ್ಸ್‌ಮನ್, ತನ್ನನ್ನು ಒಮ್ಮೆ ಔಟ್ ಮಾಡಿದರೆ 8 ಆಣೆ ಕೊಡ್ತಿದ್ದರಂತೆ. ಎಡಗೈ ಸ್ಪಿನ್ ಹರಿತವಾಗಿದ್ದು ಹೀಗೆ. ಬ್ಯಾಟ್ ಹಿಡಿಯೋ ಅವಕಾಶ ಮಾತ್ರ ಸಿಗಲಿಲ್ಲ.

ಬಿಳಿಯರನ್ನು ಸೋಲಿಸಬೇಕಲ್ಲ ಅಂತ ಪುಣೆಯ ಹಿಂದೂ ಕ್ಲಬ್ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಅದೇ ಬಾಲ್ ಮುಟ್ಟುತ್ತಿದ್ದರು. ಟೀ ಬ್ರೇಕ್ ಬಂದರೆ ಬಾಲೂಗೆ ಪೆವಿಲಿಯನ್ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ ಚಹಾ. ಊಟದ ತಟ್ಟೆಯೂ ಬೇರೆ. ಜೊತೆಗೆ ಆಡುವುದಾದರೆ ಜೊತೆಗೆ ಊಟವನ್ನೂ ಮಾಡಿ ಎಂದು ಮಹಾದೇವ ಗೋವಿಂದ ರಾನಡೆ ಬುದ್ಧಿ ಹೇಳಬೇಕಾಯಿತು.

ಆಮೇಲೆ ಬಾಲೂ ಬಾಂಬೆಗೆ ಹೋದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಆ ತಂಡದಲ್ಲಿ ಬಾಲೂ ಮತ್ತು ತಮ್ಮ ಶಿವರಾಮ್ ಇಬ್ಬರೂ ಇದ್ದರು. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಗಿ ಹೆಚ್ಚಿನ ಮ್ಯಾಚ್ ಸೋತು ಬಂತು. ಆದರೆ ಬಾಲೂ ಒಬ್ಬರೇ 114 ವಿಕೆಟ್ ತೆಗೆದರು! ವಿಕೆಟ್‌ಗೆ 19 ರನ್‌ಗಿಂತ ಕಡಿಮೆ. ಅಲ್ಲಿನ ಅಂಪೈರ್‌ಗಳು ಬೆರಳು ಎತ್ತುವ ಮುಂಚೆ ಯಾರ ಜಾತಿಯನ್ನೂ ಕೇಳಲಿಲ್ಲ.

ಇಷ್ಟಾದರೂ ಹಿಂದೂ ತಂಡದ ಕ್ಯಾಪ್ಟನ್ಸಿ ಅವರಿಗೆ ಬರಲೇ ಇಲ್ಲ. 1913ರಲ್ಲಿ ಕ್ಯಾಪ್ಟನ್ ಆಗಿದ್ದ ಎಂ. ಡಿ. ಪೈ ಅವರೇ, ಈ ಗೌರವ ಹಿರಿಯರಾದ ಬಾಲೂಗೆ ಸಲ್ಲಬೇಕಿತ್ತು ಎಂದು ಸಭೆಯಲ್ಲಿ ಒಪ್ಪಿಕೊಂಡರು. 1920ರಲ್ಲಂತೂ ಕಮಿಟಿ ಬಾಲೂರನ್ನು ತಂಡದಿಂದಲೇ ಕೈಬಿಟ್ಟಿತು. ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ ಸುಮ್ಮನಿರಲಿಲ್ಲ. ಇದು ಜಾತಿಯಿಂದ ಆದ ಅವಮಾನ ಎಂದು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟು ತಂಡದಿಂದ ಹೊರಬಂದರು. ಗಲಾಟೆ ಆದ ಮೇಲೆ ಕಮಿಟಿ ಮಣಿಯಿತು. ಫೈನಲ್‌ಗೆ ಬಾಲೂ ವೈಸ್ ಕ್ಯಾಪ್ಟನ್ ಆದರು. ಪೈ ನಡುವೆ ಮೈದಾನದಿಂದ ಹೊರಗೆ ಹೋಗಿ, ಸ್ವಲ್ಪ ಹೊತ್ತಾದರೂ ಬಾಲೂ ತಂಡ ನಡೆಸುವಂತೆ ಮಾಡಿದರು. 1923ರಲ್ಲಿ ವಿಠ್ಠಲ್ ಪೂರ್ತಿ ಕ್ಯಾಪ್ಟನ್ ಆಗಿ ಟೂರ್ನಮೆಂಟ್ ಗೆದ್ದರು. ಅಣ್ಣನಿಗೆ ಸಿಗದ್ದು ತಮ್ಮನಿಗೆ ಸಿಕ್ಕಿತು.

ಬಾಲೂ ಮುಂದೆ ರಾಜಕೀಯಕ್ಕೂ ಬಂದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಲೂಗೆ 11,225. ಅವರು 1955ರಲ್ಲಿ ಬಾಂಬೆಯಲ್ಲಿ ತೀರಿಕೊಂಡರು. ಆಡಿದ್ದು 33 ಫಸ್ಟ್ ಕ್ಲಾಸ್ ಮ್ಯಾಚ್, ತೆಗೆದದ್ದು 179 ವಿಕೆಟ್.

ನಮ್ಮ ಕಡೆ ಟೂರ್ನಮೆಂಟ್ ಕಪ್ಪಿಗೆ ಯಾರ್ಯಾರದೋ ಹೆಸರು ಇಡ್ತೀವಿ. ಮುಂದಿನ ಸಲ ಒಂದು ಕಪ್ಪಿಗೆ ಬಾಲೂ ಹೆಸರು ಇಡೋಣ. ಮ್ಯಾಚ್ ಮುಗಿದ ಮೇಲೆ ಎರಡೂ ಟೀಮಿನವರು ಒಂದೇ ಕಡೆ ಕೂತು ಚಹಾ ಕುಡಿಯೋಣ.