ಶಿಶುಶಿಕ್ಷಣಾಚಾರ್ಯ ಗಿಜುಭಾಯಿ ಬಧೇಕಾ

ನಮ್ಮ ನಾಡಿನಲ್ಲಿ ಹಿಂದೆ ಪಾಠಶಾಲೆಯನ್ನೇ ಮಠವೆಂದು ಕರೆಯುತ್ತಿದ್ದರು. ಐಗಳ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವರಿಗೆ ಗುರುವಿನಲ್ಲಿ ಭಕ್ತಿಯಿದ್ದಂತೆಯೇ ಬೆತ್ತದ ಭಯವೂ ಇದ್ದಿತು. ಭಕ್ತಿಯನ್ನುಳಿಸಿಕೊಂಡು ಭಯವನ್ನು ನೀಗುವ ಬಗೆಯೆಂತು? ಈ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿತ್ತ ಗುಜರಾತದ ಮಹನೀಯರೊಬ್ಬರ ಚರಿತ್ರೆಯನ್ನು ಸದ್ಭಕ್ತರಲ್ಲಿ ಅರಿಕೆ ಮಾಡಿಕೊಳ್ಳುವೆವು.

ಗಿರಿಜಾಶಂಕರ ಭಗವಾನಜಿ ಬಧೇಕಾ ಎಂಬುದು ಇವರ ಪೂರ್ಣನಾಮ. 1885ನೆಯ ಇಸವಿ ನವೆಂಬರ 15ರಂದು ಸೌರಾಷ್ಟ್ರದ ಚಿತ್ತಲ ಗ್ರಾಮದಲ್ಲಿ ಜನಿಸಿದರು. 1907ರಲ್ಲಿ ಉದ್ಯೋಗಾರ್ಥವಾಗಿ ಪೂರ್ವ ಆಫ್ರಿಕಕ್ಕೆ ತೆರಳಿ, ಎರಡು ವರ್ಷಗಳ ತರುವಾಯ ಮರಳಿ, ಮುಂಬಯಿಯಲ್ಲಿ ನ್ಯಾಯಶಾಸ್ತ್ರವನ್ನೋದಿ, ವಢವಾಣದಲ್ಲಿ ವಕೀಲಿ ಹಿಡಿದರು. 1913ರಲ್ಲಿ ಪುತ್ರೋದಯವಾಯಿತು. ಈ ಕೂಸನ್ನು ಎಂತಹ ಶಾಲೆಗೆ ಒಪ್ಪಿಸಲಿ ಎಂಬ ತಂದೆಯ ಚಿಂತೆಯೇ ವಕೀಲರನ್ನು ಗುರುವನ್ನಾಗಿಸಿತು. ಆ ಸಮಯದಲ್ಲಿ ಇಟಲಿಯ ವಿದುಷಿ ಮರಿಯಾ ಮಾಂಟೆಸೊರಿಯವರ ಗ್ರಂಥವು ಇವರ ಕೈಸೇರಿತು.

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ವಿದ್ಯಾರ್ಥಿನಿಲಯವೊಂದನ್ನು ಸ್ಥಾಪಿಸಿ, ಅದಕ್ಕೆ ದಕ್ಷಿಣಾಮೂರ್ತಿಯ ನಾಮವನ್ನಿಟ್ಟಿದ್ದರು. ಮೌನದಿಂದಲೇ ಶಿಷ್ಯರ ಸಂಶಯವನ್ನು ಹರಿಸುವ ಶಿವನ ಗುರುಸ್ವರೂಪವೇ ಅದಷ್ಟೆ. ಗಿಜುಭಾಯಿಯವರು ವಕೀಲಿಯನ್ನು ತ್ಯಜಿಸಿ 1916ರಲ್ಲಿ ಆ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. 1922ರಲ್ಲಿ ಗುಡ್ಡದ ಮೇಲಣ ಅದರ ನೂತನ ಮಂದಿರವನ್ನು ಕಸ್ತೂರಬಾ ಗಾಂಧಿಯವರು ಉದ್ಘಾಟಿಸಿದರು.

ಪರದೇಶದ ಪದ್ಧತಿಯನ್ನು ಇವರು ಕಣ್ಮುಚ್ಚಿ ಅನುಸರಿಸಲಿಲ್ಲ. ಮಗುವಿನ ಸ್ವಾತಂತ್ರ್ಯ, ಇಂದ್ರಿಯಗಳ ಶಿಕ್ಷಣ, ಸ್ವಪ್ರಯತ್ನ ಇವುಗಳನ್ನು ಮಾಂಟೆಸೊರಿಯವರಿಂದ ಆದರದಿಂದ ಸ್ವೀಕರಿಸಿದರು. ಆದರೆ ಆ ವಿದುಷಿಯು ಎಳೆಯರಿಗೆ ಅದ್ಭುತ ಕಥೆಗಳು ಹಿತವಲ್ಲವೆಂದು ಬಗೆದಿದ್ದರೆ, ಇವರು ಕಥೆಯನ್ನೇ ಬಾಲಮಂದಿರದ ಜೀವಾಳವನ್ನಾಗಿ ಮಾಡಿದರು. ಅಜ್ಜಿಯರ ಬಾಯಲ್ಲಿದ್ದ ಗುಜರಾತದ ಜನಪದ ಕಥೆಗಳನ್ನು ಮಕ್ಕಳಿಗೆ ತಕ್ಕಂತೆ ಬರೆದರು. ಹಾಡು, ಕುಣಿತ, ನಾಟಕ, ಮಣ್ಣಿನ ಕೆಲಸಗಳಿಗೆ ಎಡೆಯಿತ್ತರು. ಮನೆಯಲ್ಲಿ ಕೇಳಿದ ನುಡಿಯೇ ಶಾಲೆಯಲ್ಲಿಯೂ ಕೇಳಿಸಲು ಮಗುವಿನ ಅಂಜಿಕೆಯು ತಾನಾಗಿ ಕರಗಿತು. ದಂಡನೆಗಾಗಲಿ ಬಹುಮಾನದ ಆಮಿಷಕ್ಕಾಗಲಿ ಅಲ್ಲಿ ಸ್ಥಳವಿರಲಿಲ್ಲ. ಜನರು ಇವರನ್ನು ಪ್ರೀತಿಯಿಂದ ಮೀಸೆಯುಳ್ಳ ತಾಯಿಯೆಂದೇ ಕರೆದರು.

ಶಿಕ್ಷಕನು ಮಾರ್ಪಡದೆ ಶಾಲೆಯು ಮಾರ್ಪಡದೆಂಬುದನ್ನು ಕಂಡು 1925ರಲ್ಲಿ ಅಧ್ಯಾಪನ ಮಂದಿರವನ್ನು ಆರಂಭಿಸಿದರು. ಮಗುವನ್ನು ತಾಳ್ಮೆಯಿಂದ ನಿರೀಕ್ಷಿಸುವುದು, ಕಥೆ ಹೇಳುವುದು, ಕೂಡಿ ಆಡುವುದು ಇವೇ ಅಲ್ಲಿನ ಅಭ್ಯಾಸ. ಕಥೆ ಹೇಳುವ ಕಲೆಯನ್ನು ಕುರಿತು ಶಾಸ್ತ್ರಗ್ರಂಥವನ್ನೇ ರಚಿಸಿದರು. ದಿವಾಸ್ವಪ್ನವೆಂಬ ಇವರ ಕೃತಿಯಲ್ಲಿ ಶಿಕ್ಷಕನೊಬ್ಬನು ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಮಟ್ಟಿಗೆ ಬೇಡಿ ಪಡೆದು, ಹೊಸ ಮಾರ್ಗವನ್ನು ಪರೀಕ್ಷಿಸುವ ವೃತ್ತಾಂತವಿದೆ.

1939ನೆಯ ಜೂನ್ 23ರಂದು ಗಿಜುಭಾಯಿಯವರು ಕಾಲವಶರಾದರು. ಆದರೆ ಅವರು ಹಚ್ಚಿದ ದೀಪವು ಆರಲಿಲ್ಲ. ಅವರೊಡನೆ ದುಡಿದ ತಾರಾಬಾಯಿ ಮೋಡಕರು ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಬಡಮಕ್ಕಳ ಮನೆಯಂಗಳಕ್ಕೇ ಶಾಲೆಯನ್ನೊಯ್ದು, ಸುತ್ತಮುತ್ತ ದೊರೆಯುವ ವಸ್ತುಗಳನ್ನೇ ಪಾಠದ ಸಾಧನಗಳನ್ನಾಗಿ ಮಾಡಿದರು. ಅಂಗನವಾಡಿ ಎಂಬ ಹೆಸರು ಆ ಪ್ರಯೋಗದಿಂದಲೇ ಬಂದು, ಇಂದು ನಮ್ಮ ಹಳ್ಳಿಹಳ್ಳಿಯಲ್ಲಿ ನೆಲೆಸಿರುವುದು.

ವಿದ್ಯೆಯು ಎಲ್ಲಿಂದಲಾದರೂ ಬರಲಿ, ಅದು ಮಗುವಿನ ಮನೆಯ ನುಡಿಯನ್ನು ಧರಿಸಿ ಬರಬೇಕು. ಕಲಿಸುವವನು ಮೊದಲು ಆ ಮಗುವಿನ ಮುಂದೆ ಶಿಷ್ಯನಾಗಿ ಕುಳ್ಳಿರಬೇಕು. ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ವ್ರತವನ್ನಾಗಿ ಹಿಡಿದ ಮಠದ ಶಿಷ್ಯವರ್ಗಕ್ಕೆ ಈ ಪುಣ್ಯಚರಿತ್ರೆಯು ದಾರಿದೀಪವಾಗಲಿ.