ಜಮಶೇಟಜಿ ಟಾಟಾ ಅವರ ವಿದ್ಯಾನಿಧಿ

ಅನ್ನವನ್ನೂ ಅಕ್ಷರವನ್ನೂ ಒಂದೇ ಸೂರಿನಡಿಯಲ್ಲಿ ನೀಡುವ ಪದ್ಧತಿಯು ಕನ್ನಡನಾಡಿನ ಮಠಗಳಿಗೆ ಹೊಸದಲ್ಲ. ಕಡಲಾಚೆಯ ವಿಶ್ವವಿದ್ಯಾಲಯಗಳ ದಾರಿಯನ್ನು ಈ ದೇಶದ ತರುಣರಿಗೆ ತೆರೆದಿಡಬೇಕೆಂದು ಸ್ಥಿರವಾದ ನಿಧಿಯೊಂದನ್ನು ಕಟ್ಟಿದವರಲ್ಲಿ ಮುಂಬಯಿಯ ಜಮಶೇಟಜಿ ನಸರವಾನಜಿ ಟಾಟಾ ಅವರು ಅಗ್ರಗಣ್ಯರು. ಗಿರಣಿಗಳ ಒಡೆಯರೆಂದೂ ಉಕ್ಕಿನ ಕಾರಖಾನೆಯ ಮೂಲಪುರುಷರೆಂದೂ ಲೋಕವು ಅವರನ್ನು ಬಲ್ಲದು. 1892 ನೆಯ ಇಸವಿಯ ಈ ಕಾರ್ಯವನ್ನು ಬಲ್ಲವರು ವಿರಳ.

ಗಾಯಕವಾಡರ ಸೀಮೆಗೆ ಸೇರಿದ್ದ ನವಸಾರಿಯಲ್ಲಿ 1839 ನೆಯ ಇಸವಿ ಮಾರ್ಚ್ 3 ರಂದು ಪಾರಸೀ ಪುರೋಹಿತರ ಮನೆತನವೊಂದರಲ್ಲಿ ಇವರು ಜನಿಸಿದರು. ತಂದೆ ನಸರವಾನಜಿಯವರು ಕುಲವೃತ್ತಿಯನ್ನು ಬಿಟ್ಟು ವ್ಯಾಪಾರವನ್ನು ಹಿಡಿದಿದ್ದರು. ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದ ಬಾಲಕನು ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಓದಿ 1858 ರಲ್ಲಿ ವಿದ್ಯಾಭ್ಯಾಸವನ್ನು ಪೂರೈಸಿದನು. ಪುಸ್ತಕಗಳ ಮೇಲಿನ ಪ್ರೀತಿಯು ಅಂದು ಹತ್ತಿದ್ದು ಕಡೆಯವರೆಗೂ ಬಿಡಲಿಲ್ಲ.

ಮುಂದೆ ಅವರು ಹಾಂಕಾಂಗಿಗೂ ಬಳಿಕ ಲಂಡನ್ನಿಗೂ ವ್ಯಾಪಾರಾರ್ಥವಾಗಿ ಹೋದರು. ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆಯು ಆಕಾಶಕ್ಕೇರಿ ಮುಂಬಯಿಯಲ್ಲಿ ಹೊನ್ನಿನ ಹೊಳೆಯೇ ಹರಿದಿತ್ತು. 1865 ರಲ್ಲಿ ಯುದ್ಧವು ನಿಂತೊಡನೆ ಬೆಲೆಯು ಕುಸಿಯಿತು. ನಿನ್ನೆಯ ಲಕ್ಷಾಧೀಶರು ಇಂದು ದಿವಾಳಿಯಾದರು. ಲಂಡನ್ನಿನಲ್ಲಿದ್ದ ಜಮಶೇಟಜಿಯವರ ಕೈಯಲ್ಲಿ ಉಳಿದುದು ಬೆಲೆಯಿಲ್ಲದ ಹುಂಡಿಗಳು ಮಾತ್ರ. ಇಪ್ಪತ್ತಾರು ವರ್ಷದ ಆ ತರುಣರು ಮೋರೆ ಮರೆಸಿಕೊಳ್ಳದೆ, ಸಾಲ ಕೊಟ್ಟವರ ಎದುರಿಗೆ ನಿಂತು ಲೆಕ್ಕವನ್ನೆಲ್ಲ ಬಿಚ್ಚಿ ತೋರಿಸಿದರು. ಇತ್ತ ತಂದೆಯವರು ಋಣವನ್ನು ತೀರಿಸಲು ತಮ್ಮ ಮನೆಯನ್ನೂ ಮಾರಿದರು. ಅನ್ಯರ ಹಣವನ್ನು ಮರಳಿಸುವುದು ಲಾಭನಷ್ಟಗಳ ಮಾತಲ್ಲ, ಮಾನದ ಮಾತು ಎಂಬ ಪಾಠವನ್ನು ಅವರು ಹೀಗೆ ಸ್ವಾನುಭವದಿಂದ ಕಲಿತರು. ಮುಂದಿನ ಅವರ ವಿದ್ಯಾನಿಧಿಯನ್ನು ತಿಳಿಯಲು ಈ ಸಂಗತಿಯನ್ನು ನೆನಪಿನಲ್ಲಿಡುವುದು ಅವಶ್ಯ.

1868 ರಲ್ಲಿ 21,000 ರೂಪಾಯಿಗಳ ಬಂಡವಲದಿಂದ ಸ್ವಂತ ವ್ಯಾಪಾರವನ್ನು ತೊಡಗಿದುದು, 1877 ರಲ್ಲಿ ನಾಗಪುರದ ಎಂಪ್ರೆಸ್ ಗಿರಣಿಯನ್ನು ಆರಂಭಿಸಿದುದು, ಅಲ್ಲಿಯ ಕೂಲಿಕಾರರಿಗೆ ಭವಿಷ್ಯನಿಧಿಯನ್ನು ಏರ್ಪಡಿಸಿದುದು, ಇವೆಲ್ಲ ಪ್ರಸಿದ್ಧವೇ ಇವೆ.

ಹಿಂದುಸ್ಥಾನದ ಆಡಳಿತದಲ್ಲಿ ಉಚ್ಚಾಧಿಕಾರವನ್ನು ಬಯಸುವವನು ಆ ಕಾಲದಲ್ಲಿ ಲಂಡನ್ನಿಗೇ ಹೋಗಿ ಪರೀಕ್ಷೆಗೆ ಕೂಡಬೇಕಾಗಿದ್ದಿತು; 1922 ರವರೆಗೂ ಈ ದೇಶದಲ್ಲಿ ಆ ಪರೀಕ್ಷೆಯು ನಡೆಯಲಿಲ್ಲ. ವೈದ್ಯ, ಯಂತ್ರಶಾಸ್ತ್ರ, ವಿಜ್ಞಾನಗಳ ಮೇಲ್ಮಟ್ಟದ ಶಿಕ್ಷಣಕ್ಕೂ ವಿಲಾಯತಿಯೇ ಗತಿ. ಹಡಗಿನ ಖರ್ಚು, ಅಲ್ಲಿಯ ವಾಸದ ಖರ್ಚು ಸೇರಿದರೆ ಸಾಮಾನ್ಯ ಗೃಹಸ್ಥನ ಮನೆ ಮಾರಿದರೂ ಸಾಲದು. ಈ ಕೊರತೆಯನ್ನು ನೀಗಿಸಲೆಂದು ಜಮಶೇಟಜಿಯವರು 1892 ರಲ್ಲಿ ನಿಧಿಯನ್ನು ಸ್ಥಾಪಿಸಿದರು. ಮೊದಲು ಪಾರಸೀ ಜನರಿಗೆ ಮೀಸಲಾಗಿದ್ದ ಅದನ್ನು ಎರಡೇ ವರ್ಷಗಳಲ್ಲಿ, 1894 ರಲ್ಲಿ, ಸಕಲ ಮತದವರಿಗೂ ತೆರೆದರು.

ಅವರು ಕೊಟ್ಟುದು ದಾನವಲ್ಲ, ಸಾಲ. ವಿದ್ಯಾರ್ಥಿಯು ಕಲಿತು ಬಂದು ಸಂಪಾದನೆಗೆ ತೊಡಗಿದ ಮೇಲೆ ಹಣವನ್ನು ಹಿಂತಿರುಗಿಸತಕ್ಕದ್ದು. ಅದು ಮತ್ತೊಬ್ಬನ ಪ್ರಯಾಣಕ್ಕೆ ಒದಗತಕ್ಕದ್ದು. ಕೋಟ್ಯಧೀಶನೊಬ್ಬನು ಬಡ ಹುಡುಗರಿಂದ ಹಣವನ್ನು ಮರಳಿ ಬೇಡುವುದು ಜಿಪುಣತನವೆಂದು ತೋರಬಹುದು. ಆ ಆಕ್ಷೇಪವು ಸಂಪೂರ್ಣ ಪೊಳ್ಳೂ ಅಲ್ಲ: ಸಾಲವೆಂದೊಡನೆ ಹೆದರಿ ಹಿಂಜರಿಯುವವನು ಕಡುಬಡವನೇ. ಆದರೆ ಶರಣರು ದಾನಕ್ಕೂ ದಾಸೋಹಕ್ಕೂ ಕಂಡ ಭೇದವನ್ನು ಬಲ್ಲವರಿಗೆ ಇದರ ಮರ್ಮವು ತಿಳಿಯದಿರದು. ದಾನದಲ್ಲಿ ಕೊಡುವವನ ಕೈ ಮೇಲು, ಕೊಳ್ಳುವವನ ಕೈ ಕೆಳಗು. ಟಾಟಾ ಅವರ ಏರ್ಪಾಡಿನಲ್ಲಿ ಕೊಂಡವನು ಯಾರ ಹಂಗಿಗೂ ಒಳಗಾಗದೆ, ತನ್ನ ಕಾಯಕದ ಗಳಿಕೆಯಿಂದಲೇ ಮುಂದಿನವನಿಗೆ ನೆರವಾಗುತ್ತಿದ್ದನು.

ಈ ನಿಧಿಯಿಂದ ಮೊಟ್ಟಮೊದಲು ವಿದೇಶಕ್ಕೆ ಹೋದವರು ಇಬ್ಬರು ಸ್ತ್ರೀಯರೆಂಬುದು ವಿಶೇಷ. ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವಕರ ಎಂಬ ಈ ವೈದ್ಯೆಯರು ಹೊರಟ ಕಾಲದಲ್ಲಿ ಹೆಣ್ಣುಮಕ್ಕಳು ಊರ ಶಾಲೆಗೆ ಹೋಗುವುದೇ ಚರ್ಚೆಯ ವಿಷಯವಾಗಿದ್ದಿತು. 1924 ರ ಸುಮಾರಿಗೆ ಐ. ಸಿ. ಎಸ್. ಅಧಿಕಾರಿಗಳಾಗಿದ್ದ ಭಾರತೀಯರಲ್ಲಿ ಐವರಿಗೆ ಇಬ್ಬರು ಈ ನಿಧಿಯ ಆಶ್ರಯದಲ್ಲಿ ಓದಿದವರೆಂದು ಲೆಕ್ಕ.

ಎಷ್ಟು ಜನರನ್ನು ಹೊರಗೆ ಕಳುಹಿಸಿದರೂ ದೇಶದೊಳಗೆ ವಿಜ್ಞಾನಪೀಠವಿಲ್ಲದಿದ್ದರೆ ಆ ಪರಾವಲಂಬನವು ತೀರದೆಂಬುದನ್ನು ಅವರು ಮರೆತಿರಲಿಲ್ಲ. ತಮ್ಮ ಆಸ್ತಿಯಲ್ಲಿ 30 ಲಕ್ಷ ರೂಪಾಯಿ ಬೆಲೆಯ ಭಾಗವನ್ನು ಅದಕ್ಕಾಗಿ ಮೀಸಲಿಟ್ಟರು. ಸ್ಥಳವನ್ನು ಪರೀಕ್ಷಿಸಲು ಬಂದ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆಯವರು ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟಿತು. ಸರಕಾರದ ಅನುಮಾನಗಳು ಕಾರ್ಯವನ್ನು ವರ್ಷಗಟ್ಟಲೆ ಎಳೆದವು. 1904 ನೆಯ ಇಸವಿ ಮೇ 19 ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ಜಮಶೇಟಜಿಯವರು ಕಾಲವಶರಾದಾಗ ಅಡಿಪಾಯವೂ ಬಿದ್ದಿರಲಿಲ್ಲ. ಮಕ್ಕಳಾದ ದೋರಾಬಜಿ ಮತ್ತು ರತನಜಿಯವರು ತಂದೆಯ ಮಾತನ್ನು ನಡೆಸಿಕೊಟ್ಟರು. 1909 ರಲ್ಲಿ ಸಂಸ್ಥೆಯು ಸ್ಥಾಪಿತವಾಗಿ 1911 ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು.

ಅವರು ಇಲ್ಲವಾದ ಮೇಲೂ ನಿಧಿಯು ನಡೆಯಿತು. ಮುಂದೆ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಅವರು 1945 ರಲ್ಲಿ ಇದರ ನೆರವಿನಿಂದಲೇ ಲಂಡನ್ನಿಗೆ ಹೋದರು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಎಂಬ ತರುಣರೂ ಅದೇ ನಿಧಿಯ ವಿದ್ಯಾರ್ಥಿಯಾಗಿ ಲಂಡನ್ನಿನ ಕಿಂಗ್ಸ್ ಕಾಲೇಜನ್ನು ಸೇರಿ ಪರಮಾಣುವಿಜ್ಞಾನದಲ್ಲಿ ಪಾರಂಗತರಾಗಿ ಬಂದರು. 1988 ರಲ್ಲಿ, ಬೆಂಗಳೂರಿನ ಅದೇ ವಿಜ್ಞಾನಸಂಸ್ಥೆಯ ಆವರಣದಲ್ಲಿ ಹುಟ್ಟಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೆ ಮೊದಲ ನಿರ್ದೇಶಕರಾದರು.